ಸುಣ್ಣದ ಗೆರೆಯ ಮನೆ

ಆ ಊರಿನಲ್ಲಿ ಮನೆ ಕಟ್ಟಬೇಕೆನ್ನುವವರು ಮೊದಲು ಇಲ್ಲದ ಮನೆಯಲ್ಲಿ ಬಾಳಿ ತೋರಿಸಬೇಕಿತ್ತು.

ಹೀಗೆಂದು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಊರಿನವರಿಗೆ ಅದು ಹೊತ್ತು ಹುಟ್ಟಿ ಹೊತ್ತು ಮುಳುಗುವಷ್ಟೇ ಸಹಜವಾಗಿತ್ತು. ಜಾಗ ಸಿಕ್ಕವರು ಪಂಚರ ಕಟ್ಟೆಯ ಮುಂದೆ ನಿಂತು, ಕೈಮುಗಿದು, ಮನೆ ಕಟ್ಟುವ ಅಪ್ಪಣೆ ಬೇಡಬೇಕು. ಪಂಚರು ಸುಣ್ಣದವನನ್ನು ಕಳಿಸುತ್ತಾರೆ. ಸುಣ್ಣದವನು ಬರಿ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಮನೆಯನ್ನು ಬರೆಯುತ್ತಾನೆ. ಇದು ಪಡಸಾಲೆ, ಇದು ಅಡುಗೆಮನೆ, ಇದು ಬಚ್ಚಲು, ಇದು ಕಿಟಕಿ, ಇದು ಬಾಗಿಲು. ಅಂದಿನಿಂದ ಗೆರೆಯೇ ಗೋಡೆ. ಬಾಗಿಲಿನಿಂದಲೇ ಒಳಗೆ ಹೋಗಬೇಕು, ಬಾಗಿಲಿನಿಂದಲೇ ಹೊರಗೆ ಬರಬೇಕು. ಗೋಡೆಯ ಆಚೆಗೆ ಕೈ ಚಾಚಬಾರದು, ಗೋಡೆಯ ಆಚೆಗೆ ಕಣ್ಣು ಹಾಯಿಸಬಾರದು. ಬಿಸಿಲಿಗೆ ತಲೆಯ ಮೇಲೆ ಸೆರಗು ಎಳೆದುಕೊಳ್ಳಬಾರದು, ಮಳೆಗೆ ಗೋಣಿ ಹೊದೆಯಬಾರದು. ಮನೆಯೊಳಗೆ ಕೂತವರಿಗೆ ಎಲ್ಲಿಯ ಬಿಸಿಲು, ಎಲ್ಲಿಯ ಮಳೆ? ಒಂದು ಸಲ ತಪ್ಪಿದರೆ ಸುಣ್ಣ ಅಳಿಸಿ ಮತ್ತೆ ಮೊದಲಿನಿಂದ. ಹೀಗೆ ಬಾಳುತ್ತ ಬಾಳುತ್ತ, ನೋಡುವವರ ಕಣ್ಣಿಗೆ ಅಲ್ಲಿ ಮನೆ ಇದೆ ಎಂದು ಅನ್ನಿಸಿದ ದಿನ ಅಪ್ಪಣೆ ಸಿಗುತ್ತದೆ. ಆಮೇಲೆ ಕಲ್ಲು ತರಬಹುದು, ಮಣ್ಣು ಕಲಸಬಹುದು.

ಊರ ಹಿರಿಯ ಪಂಚರಲ್ಲಿ ಮೊದಲಿಗ. ಮನೆ ಅಂದರೆ ಕಲ್ಲು ಮಣ್ಣಲ್ಲ, ನಡತೆ ಎಂದು ಅವನು ಎಷ್ಟು ಮೆತ್ತಗೆ ಹೇಳುತ್ತಿದ್ದನೆಂದರೆ, ಕೇಳಲು ಬಂದವರಿಗೆ ಕಲ್ಲು ಮಣ್ಣಿಗೆ ಆಸೆಪಟ್ಟೆವಲ್ಲ ಎಂದು ನಾಚಿಕೆಯಾಗುತ್ತಿತ್ತು. ಊರಿನವರ ಮನೆಗಳು ಮಾತ್ರ ಮುತ್ತಜ್ಜಂದಿರ ಕಾಲದವು. ಆ ಮುತ್ತಜ್ಜಂದಿರು ಗೆರೆಯೊಳಗೆ ಬಾಳಿದ್ದರೇ ಎಂದು ಯಾರೂ ಕೇಳಿರಲಿಲ್ಲ. ಗೋಡೆಗಳು ಗಟ್ಟಿಯಾಗಿದ್ದವು, ಮಾಳಿಗೆ ಸೋರುತ್ತಿರಲಿಲ್ಲ, ಕೇಳುವ ಪ್ರಸಂಗ ಬಂದಿರಲಿಲ್ಲ.

ಒಂದು ಬೇಸಿಗೆಯಲ್ಲಿ ಆ ಊರಿಗೆ ಬಾವಿ ತೋಡುವವನೊಬ್ಬ ಹೆಂಡತಿಯನ್ನು ಕರೆದುಕೊಂಡು ಬಂದ. ತಾನಾಗಿ ಬಂದವನಲ್ಲ, ಊರವರೇ ಹೇಳಿಕಳಿಸಿದ್ದರು. ಊರ ಬಾವಿಯ ನೀರು ಸವಳಾಗಿ ಬೇಳೆ ಬೇಯುತ್ತಿರಲಿಲ್ಲ, ಕುಡಿದ ಮಕ್ಕಳ ಹೊಟ್ಟೆ ಕೆಡುತ್ತಿತ್ತು, ಹೆಂಗಸರು ದೂರದ ಹಳ್ಳದಲ್ಲಿ ಒರತೆ ತೋಡಿ ಗಿಂಡಿಗಿಂಡಿಯಾಗಿ ತುಂಬಿಕೊಂಡು ಬರುತ್ತಿದ್ದರು. ಅವನು ಊರಂಚಿಗೆ ಬಡಗಣ ದಿಕ್ಕಿನ ದಿಬ್ಬದ ಕೆಳಗೆ ಹಾರೆ ಹಾಕಿದ. ಮೊದಲು ಮೊರಂ ಮಣ್ಣು ಸಿಕ್ಕಿತು, ಆಮೇಲೆ ಕರಿಕಲ್ಲು ಸಿಕ್ಕಿತು. ಕಲ್ಲೊಡೆದು ಮೇಲಕ್ಕೆ ಕಳಿಸುವುದು, ಮತ್ತೆ ಒಡೆಯುವುದು. ಅವನ ಹೆಂಡತಿ ಮೇಲೆ ನಿಂತು ಹಗ್ಗ ಎಳೆಯುವುದು. ಬೇಸಿಗೆ ಮುಗಿಯುವ ಹೊತ್ತಿಗೆ ಬಾವಿಯ ತಳದಲ್ಲಿ ನೀರು ಬಂತು, ಎಳನೀರಿನಂಥ ನೀರು. ಮೊದಲ ಕೊಡವನ್ನು ಹಿರಿಯನ ಮುಂದೆ ಇಟ್ಟಾಗ ಅವನು ಬೊಗಸೆಯಲ್ಲಿ ಕುಡಿದ, ಅವನ ಕಣ್ಣು ತುಂಬಿ ಬಂತು. ಬಾವಿಯ ಹತ್ತಿರದ ಖಾಲಿ ಜಾಗವನ್ನು ತೋರಿಸಿ, ಇದು ನಿನ್ನದು, ಎಲ್ಲಿಗೂ ಹೋಗಬೇಡ, ಇಲ್ಲೇ ಮನೆ ಮಾಡಿಕೊಂಡಿರು ಎಂದ. ಊರವರೆಲ್ಲ ಹೌದು ಹೌದು ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಹೆಂಡತಿ ಕೌದಿ ಹೊಲಿಯುವವಳು. ಹಳೆಯ ಸೀರೆ, ಹರಿದ ಧೋತರ, ಯಾರೋ ಕೊಟ್ಟ ಚಿಂದಿ, ಎಲ್ಲವನ್ನೂ ತುಂಡು ಮಾಡಿ ಒಂದರ ಪಕ್ಕ ಒಂದಿಟ್ಟು ಹೊಲಿದರೆ ಮಲಗುವವರಿಗೆ ಬೆಚ್ಚಗಿನ ಹೊದಿಕೆ. ಹುಟ್ಟಿದಾಗಿನಿಂದ ಅವಳು ಗಾಡಿಯ ಹಿಂದೆ ನಡೆದವಳು; ಮದುವೆಯಾದ ಮೇಲೆ ಒಂದು ಬಾವಿಯ ದಂಡೆಯಿಂದ ಇನ್ನೊಂದು ಬಾವಿಯ ದಂಡೆಗೆ. ಮಲಗಿದ್ದೆಲ್ಲ ಬೇರೆಯವರ ಕಟ್ಟೆಯ ಮೇಲೆ, ಬೇರೆಯವರ ದನದ ಕೊಟ್ಟಿಗೆಯಲ್ಲಿ. ಅಲ್ಲಿ ಗೋಡೆಗೆ ಒರಗುವ ಹಾಗಿರಲಿಲ್ಲ. ತಲೆಯೆಣ್ಣೆ ಗೋಡೆಗೆ ಹತ್ತುತ್ತದೆಂದು ಮನೆಯವರು ಗದರುತ್ತಿದ್ದರು. ಈಗ ಬಸುರಿ. ಹೆರುವಾಗ ಬೆನ್ನಿಗೆ ಒಂದು ಸ್ವಂತ ಗೋಡೆ ಸಿಕ್ಕರೆ ಸಾಕೆಂದು ಗಂಡನಿಗೆ ಹೇಳಿದ್ದಳು. ಅವನು ಬಾವಿಯಿಂದ ತೆಗೆದ ಕಲ್ಲಿನ ಗುಡ್ಡೆಯನ್ನು ತೋರಿಸಿ ನಕ್ಕ. ಒಂದು ಗೋಡೆಗಲ್ಲ, ನಾಲ್ಕು ಗೋಡೆಗೂ ಆಗಿ ಮಿಗುವಷ್ಟು ಕಲ್ಲು ಅಲ್ಲಿತ್ತು.

ಅವನು ಪಂಚರ ಕಟ್ಟೆಯ ಮುಂದೆ ನಿಂತು ಕೈಮುಗಿದ. ಸುಣ್ಣದವನು ಬಂದ.

ಸುಣ್ಣದವನು ಮಾತು ಕಡಿಮೆಯ ಮನುಷ್ಯ. ಪುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಬೆರಳುಗಳ ಸಂದಿಯಿಂದ ಸುಣ್ಣವನ್ನು ಬಿಡುತ್ತ, ಬೆನ್ನು ಬಾಗಿಸಿ ಹಿಂದೆ ಹಿಂದೆ ನಡೆದರೆ ನೆಲದ ಮೇಲೆ ದಾರ ಎಳೆದ ಹಾಗೆ ಬಿಳಿಯ ಗೆರೆ ಬೀಳುತ್ತಿತ್ತು. ಅವಳು ಪಕ್ಕದಲ್ಲಿ ನಿಂತು ನೋಡಿದಳು. ಒಲೆ ಇಲ್ಲಿ ಬರಲಿ, ಗಾಳಿ ಆ ಕಡೆಯಿಂದ ಬೀಸುತ್ತದೆ ಎಂದಳು. ಬಾಗಿಲು ಅಗಲವಾಗಿರಲಿ ಎಂದಳು. ಸುಣ್ಣದವನು ಕೇಳಿದಂತೆ ಬರೆದುಕೊಟ್ಟ. ಆ ಸಂಜೆ ಗಂಡ ಹೆಂಡತಿ ಇಬ್ಬರೂ ಕಾಲು ತೊಳೆದು, ಇಲ್ಲದ ಹೊಸ್ತಿಲಿಗೆ ಕುಂಕುಮವಿಟ್ಟು, ಇಲ್ಲದ ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಹೋದರು. ಪಡಸಾಲೆಯಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅವಳಿಗೆ ಅದು ಆಟದ ಹಾಗೆ ಕಂಡಿತು. ಮಳೆಗಾಲಕ್ಕೆ ಮುಂಚೆ ಅಪ್ಪಣೆ ಸಿಗುತ್ತದೆಂದು ಅಂದುಕೊಂಡಳು.

ಬಾಳುವುದು ಶುರುವಾದ ಮೇಲೆ ಗೊತ್ತಾಯಿತು, ಗೋಡೆ ಅವರಿಗೆ ಮಾತ್ರ ಇತ್ತು. ದಾರಿಯಲ್ಲಿ ಹೋಗುವವರು ನಿಂತು ಅವಳು ಅಡುಗೆ ಮಾಡುವುದನ್ನು ನೋಡುತ್ತಿದ್ದರು, ಗಂಡ ಉಣ್ಣುವುದನ್ನು ನೋಡುತ್ತಿದ್ದರು, ಇಬ್ಬರೂ ಜಗಳವಾಡಿದರೆ ಕೇಳಿಸಿಕೊಳ್ಳುತ್ತಿದ್ದರು. ಅವಳು ಮಾತ್ರ ಅವರನ್ನು ನೋಡುವ ಹಾಗಿರಲಿಲ್ಲ. ಕೈಜಾರಿದ ಗಿಂಡಿ ಉರುಳಿಕೊಂಡು ಗೆರೆಯಾಚೆ ಹೋದರೆ, ತೋಳು ನೀಡಿದರೆ ಸಿಗುವ ಗಿಂಡಿಗಾಗಿ ಎದ್ದು, ಪಡಸಾಲೆ ದಾಟಿ, ಬಾಗಿಲಿಂದ ಹೊರಬಿದ್ದು, ಮನೆ ಸುತ್ತಿಕೊಂಡು ಹೋಗಬೇಕು. ಸ್ನಾನಕ್ಕೆ ಕತ್ತಲು ಹರಿಯುವ ಮುಂಚೆ ಏಳಬೇಕು. ಗಂಡ ತೋಡಿದ ಬಾವಿಯಿಂದ ಅವಳು ನೀರು ಸೇದಿ ತರುವಾಗ ಊರ ಹೆಂಗಸರು ಮನೆ ಹೇಗಿದೆಯೆಂದು ವಿಚಾರಿಸುತ್ತಿದ್ದರು. ಚೆನ್ನಾಗಿದೆ ಎನ್ನುತ್ತಿದ್ದಳು. ಹಾಗೆನ್ನದೆ ಬೇರೆ ದಾರಿಯಿರಲಿಲ್ಲ.

ಮೊದಲ ತಕರಾರು ಪಕ್ಕದ ಮನೆಯವನದು. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಒಣಗುತ್ತಿಲ್ಲ, ಹೊಸ ಮನೆಯ ನೆರಳು ಬೀಳುತ್ತದೆ ಎಂದು ಅವನು ಪಂಚರ ಹತ್ತಿರ ಹೇಳಿದ. ಪಂಚರು ಬಂದರು. ಬಿಸಿಲು ಭಗಭಗ ಉರಿಯುತ್ತಿತ್ತು, ಮೆಣಸಿನಕಾಯಿ ಕೆಂಪಗೆ ಹೊಳೆಯುತ್ತಿತ್ತು. ಹಿರಿಯ ಬಗ್ಗಿ ಒಂದು ಮೆಣಸಿನಕಾಯಿಯನ್ನು ಹಿಸುಕಿ ನೋಡಿ, ಹೌದು, ಇನ್ನೂ ಮೆದು ಇದೆ ಎಂದ. ಬಾವಿಯವನು ನೆರಳೆಲ್ಲಿದೆ ತೋರಿಸಿ ಎಂದು ಕೇಳಿದ. ಆಮೇಲೆ ಹಿರಿಯ ಅವನ ಹೆಗಲ ಮೇಲೆ ಕೈಯಿಟ್ಟ.

"ನೆಳ್ಳು ಇಲ್ಲಂದ್ರ ಮನಿ ಇಲ್ಲಂದಂಗ ಆತು. ನೀನಽ ಹಂಗ ಅಂದ್ರ ನಾವು ಅಪ್ಪಣಿ ಯಾತಕ್ಕ ಕೊಡೂಣು?"

ಸುಣ್ಣದವನು ಗೋಡೆಯನ್ನು ಒಳಕ್ಕೆ ಸರಿಸಿದ. ಆಮೇಲೆ ಗಾಡಿಯವರು ಬಂದು ತಿರುವಿನಲ್ಲಿ ಗಾಡಿ ಹೊರಳುವುದಿಲ್ಲ ಎಂದರು, ಬಾಗಿಲು ಕಿರಿದಾಯಿತು. ಬಾವಿಗೆ ಬರುವ ಹೆಂಗಸರಿಗೆ ಅಡುಗೆಮನೆಯ ಹೊಗೆ ಅಡ್ಡವಾಗುತ್ತದೆ ಎಂದರು, ಒಲೆ ಮೂಲೆಗೆ ಹೋಯಿತು. ಪ್ರತಿ ಸಲವೂ ಹಿರಿಯ ಬೇಸರದಿಂದಲೇ ಹೇಳುತ್ತಿದ್ದ, ಸುಣ್ಣದವನು ತಲೆ ಎತ್ತದೆ ಗೆರೆ ಎಳೆಯುತ್ತಿದ್ದ. ಮನೆ ಕಟ್ಟುವ ಮುಂಚೆಯೇ ಮನೆ ಕುಗ್ಗುತ್ತ ಬಂತು. ಕಾಲು ಚಾಚಿ ಮಲಗಿದರೆ ಪಾದ ಗೋಡೆಯ ಆಚೆ ಹೋಗುತ್ತಿತ್ತು, ಅದಕ್ಕೆ ಬಾವಿಯವನು ಮೊಣಕಾಲು ಮಡಚಿ ಮಲಗುವುದನ್ನು ರೂಢಿ ಮಾಡಿಕೊಂಡ.

ಅಪ್ಪಣೆ ಬರುವ ಮುಂಚೆ ಹೆರಿಗೆಯ ನೋವು ಬಂತು. ಊರ ಸೂಲಗಿತ್ತಿ ಮುದುಕಿ. ಗಂಡ ಮಕ್ಕಳಿಲ್ಲದೆ ಊರಂಚಿನ ಒಂದೇ ಕೋಣೆಯಲ್ಲಿ ಇದ್ದವಳು. ತನ್ನ ಕೋಣೆಗೆ ಬಾ ಎಂದು ಅವಳು ಕರೆದಳು. ಆದರೆ ಬೇರೆಯವರ ಸೂರಿನ ಕೆಳಗೆ ಹೋದರೆ ಮನೆ ಬಿಟ್ಟು ಹೋದಂತೆ, ಮತ್ತೆ ಮೊದಲಿನಿಂದ. ಕೌದಿಯವಳು ಒಲ್ಲೆನೆಂದಳು. ಸೂಲಗಿತ್ತಿ ಬಾಗಿಲಿನಿಂದಲೇ ಒಳಗೆ ಬಂದು ಕೋಲು ನೆಟ್ಟು ಸುತ್ತ ನಾಲ್ಕು ಕೌದಿಗಳನ್ನು ಮರೆಕಟ್ಟಿದಳು. ನೋವು ಹೆಚ್ಚಿದಾಗ ಕೌದಿಯವಳು ಒರಗಲು ಏನಾದರೂ ಬೇಕೆಂದು ಹಿಂದಕ್ಕೆ ಕೈ ಆಡಿಸಿದಳು. ಹಿಂದೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಮುದುಕಿ ಅವಳ ಹಿಂದೆ ಹೋಗಿ ಬೆನ್ನಿಗೆ ಬೆನ್ನು ಕೊಟ್ಟು ಕೂತಳು, ಕಾಲನ್ನು ನೆಲಕ್ಕೆ ಊರಿ ಗಟ್ಟಿಯಾಗಿ ಕೂತಳು. ತೀರಾ ಕೊನೆಯಲ್ಲಷ್ಟೇ ಎದ್ದು ಮುಂದೆ ಬಂದಳು. ಹೆಣ್ಣುಮಗು ಹುಟ್ಟಿತು.

ಬೆಳಗಾದ ಮೇಲೆ ಪಂಚರು ಸೂಲಗಿತ್ತಿಯನ್ನು ಕರೆಸಿದರು. ಮನೆಯಲ್ಲಿ ಗೋಡೆಯಿದ್ದರೆ ಬಾಣಂತಿ ನಿನ್ನ ಬೆನ್ನಿಗೆ ಯಾಕೆ ಒರಗಿದಳೆಂದು ಕೇಳಿದರು.

"ಗ್ವಾಡಿ ನಿನ್ನೇನಽ ಸಾರ್ಸಿದ್ಳು," ಎಂದಳು ಮುದುಕಿ. "ಹಸಿ ಗ್ವಾಡಿಗೆ ಬಾಣಂತಿನ್ನ ಒರಗಸ್ತಾರೇನು?"

ಪಂಚರು ತಲೆದೂಗಿದರು. ಅವರಿಗೆ ಆ ಮಾತು ಹಿಡಿಸಿತು. ಮನೆ ಗಟ್ಟಿಯಾಗುತ್ತಿದೆ ಎಂದು ಹಿರಿಯ ಇತರರಿಗೆ ಹೇಳಿದನಂತೆ.

ಮಳೆ ಹಿಡಿಯಿತು. ನೀರಿಗೆ ಕೊಚ್ಚಿಹೋದ ಗೆರೆಯನ್ನು ಸುಣ್ಣದವನು ಮಳೆ ನಿಂತೊಡನೆ ಬಂದು ಅದೇ ಗುರುತಿನ ಮೇಲೆ ಮತ್ತೆ ಎಳೆದು ಹೋಗುತ್ತಿದ್ದ. ಗಂಡ ಹೆಂಡತಿ ಮಗುವನ್ನು ನಡುವೆ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿರುತ್ತಿದ್ದರು. ಮುಖದ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳುವ ಹಾಗಿರಲಿಲ್ಲ. ಅವಳು ಮಗುವನ್ನು ಎದೆಗೆ ಹಾಕಿಕೊಂಡು ಮುಂದಕ್ಕೆ ಬಾಗಿ ಕೂತು, ಮಗುವಿಗೆ ಮೊಲೆಯುಣಿಸುತ್ತಿದ್ದೇನೆ ಎಂಬಂತೆ ಇರುತ್ತಿದ್ದಳು. ಅವಳ ಬೆನ್ನಿನ ಕೆಳಗೆ ಮಗು ನೆನೆಯದೆ ಇರುತ್ತಿತ್ತು. ಒಂದು ಮಧ್ಯಾಹ್ನ ಆಣೆಕಲ್ಲು ಬಿತ್ತು. ಒಂದು ಕಲ್ಲು ಮಗುವಿನ ಕೆನ್ನೆಗೆ ಬಡಿದು ಅದು ಕಿಟಾರನೆ ಚೀರಿತು. ಬಾವಿಯವನು ತಡೆದುಕೊಳ್ಳಲಿಲ್ಲ. ಮೂಲೆಯಲ್ಲಿದ್ದ ಗೋಣಿಚೀಲವನ್ನು ಎಳೆದು ಹೆಂಡತಿ ಮಗು ಇಬ್ಬರ ಮೇಲೂ ಹೊದಿಸಿದ. ಸುಣ್ಣದವನು ಎದುರು ಮನೆಯ ಕಟ್ಟೆಯ ಮೇಲೆ, ಮಾಳಿಗೆಯ ಚಾಚಿನ ಕೆಳಗೆ ನಿಂತು ನೋಡುತ್ತಿದ್ದ. ಅವನು ಹೋಗಿ ಹೇಳಿದ. ಹೇಳುವುದು ಅವನ ಕೆಲಸ.

ಗೆರೆ ಅಳಿಸಿದರು. ಆ ದಿನ ಬಾವಿಯವನು ಹಾರೆ, ಹಗ್ಗ ಎಲ್ಲ ಕಟ್ಟಿಕೊಂಡು, ನಡಿ ಹೋಗೋಣ ಎಂದ. ಊರು ಬಿಟ್ಟು ಊರು ಹೋಗುವುದು ನಮಗೇನು ಹೊಸದೇ, ನೀರಿಲ್ಲದ ಊರು ಬೇಕಾದಷ್ಟಿವೆ ಎಂದ. ಬೇಡವೆಂದವಳು ಅವಳು. ಇಷ್ಟು ನೆಂದದ್ದು ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ, ಇನ್ನೊಂದು ಸಲ ನೋಡೋಣ, ಮಗುವಿಗೆ ಹುಟ್ಟಿದ ಜಾಗ ಅಂತ ಒಂದಿರಲಿ ಎಂದಳು. ಅವನು ಗಂಟು ಬಿಚ್ಚಿದ. ಹೊಸ ಸುಣ್ಣ ಬಿತ್ತು. ಹೊಸ ಮನೆ ಹಳೆಯದಕ್ಕಿಂತ ಚಿಕ್ಕದಿತ್ತು, ಬಾಗಿಲು ಇನ್ನೂ ಕಿರಿದಿತ್ತು.

ಮರುವರ್ಷದ ಮಳೆಯಲ್ಲಿ ಅವನಿಗೆ ಕೆಮ್ಮು ಹತ್ತಿತು. ಕೆಮ್ಮು ಜ್ವರವಾಯಿತು, ಜ್ವರ ಎದೆಗೆ ಇಳಿಯಿತು. ಮೊಣಕಾಲು ಮಡಚಿಕೊಂಡು, ಹಸಿ ಕೌದಿ ಹೊದ್ದು ಮಲಗಿರುತ್ತಿದ್ದ. ಒಂದು ಸಂಜೆ ಅವಳು ಗಂಜಿ ಕುಡಿಸುವಾಗ ಅವನು ಬಾವಿಯ ಕಡೆ ಮುಖ ಮಾಡಿ ಹೇಳಿದ:

"ಅದರಾಗ ಇಳದು ಕುಂತ್ರ ಬೆಚ್ಚಗ ಇರತಿತ್ತು ನೋಡು. ಬಾವ್ಯಾಗರ ಸುತ್ತ ಗ್ವಾಡಿ ಐತಿ."

ಅದೇ ಅವನು ಸ್ಪಷ್ಟವಾಗಿ ಆಡಿದ ಕಡೆಯ ಮಾತು. ಅವನು ಸತ್ತಾಗ ಊರಿಗೆ ಊರೇ ಬಂತು. ಅವನು ತೋಡಿದ ಬಾವಿಯ ನೀರಿನಿಂದಲೇ ಅವನನ್ನು ಮೀಯಿಸಿದರು. ಹೆಂಗಸರು ಎದೆ ಬಡಿದುಕೊಂಡು ಅತ್ತರು. ಇಂಥ ನೀರು ಕೊಟ್ಟವನು, ಇಂಥ ಪುಣ್ಯಾತ್ಮ ಎಂದು ಗಂಡಸರು ಕಣ್ಣೊರೆಸಿಕೊಂಡರು. ಯಾರೂ ನಟಿಸುತ್ತಿರಲಿಲ್ಲ. ಚಟ್ಟ ಎತ್ತಿದರು. ಬಾಗಿಲ ಹತ್ತಿರ ಬಂದು ನಿಂತರು. ಚಟ್ಟ ಬಾಗಿಲಲ್ಲಿ ಹಿಡಿಸಲಿಲ್ಲ.

ಓರೆ ಮಾಡಿ ನೋಡಿದರು, ಹಿಂದೆ ಮುಂದೆ ಮಾಡಿ ನೋಡಿದರು. ಗೆರೆಯ ಪಕ್ಕದಲ್ಲಿ, ಒಂದು ಹೆಜ್ಜೆ ಆಚೆ, ಬಯಲು ಬಯಲಾಗಿ ಬಿದ್ದಿತ್ತು. ಒಬ್ಬನೂ ಆ ಕಡೆ ಕಾಲಿಡಲಿಲ್ಲ. ಕೊನೆಗೆ ಹಿರಿಯನೇ ಮುಂದೆ ಬಂದು, ಹಗ್ಗ ಬಿಚ್ಚಿ ಹೆಣವನ್ನು ಎಬ್ಬಿಸಿ ನಿಲ್ಲಿಸಿ ಹೊರಗೆ ತರೋಣ ಎಂದ. ಹಾಗೇ ಮಾಡಿದರು. ಇಬ್ಬರು ಕಂಕುಳಿಗೆ ಕೈಕೊಟ್ಟು ಅವನನ್ನು ನಿಲ್ಲಿಸಿಕೊಂಡರು, ಒಬ್ಬ ಕಾಲು ಹಿಡಿದ. ಬಾಗಿಲು ದಾಟುವಾಗ ಅವನ ತಲೆ ಜೋತು ಹಿರಿಯನ ಹೆಗಲ ಮೇಲೆ ಬಿತ್ತು. ಹಿರಿಯ ಅದನ್ನು ಮಗುವಿನ ತಲೆಯ ಹಾಗೆ ಅಂಗೈಯಲ್ಲಿ ಹಿಡಿದು, ಬಾಗಿಲ ಮೇಲಿನ ಚೌಕಟ್ಟು ತಾಗದಿರಲೆಂದು ಬಗ್ಗಿಸಿ, ಹೊರಗೆ ತಂದ.

ಕೌದಿಯವಳು ಗೆರೆಯ ಹತ್ತಿರ ನಿಂತಿದ್ದಳು. ಕಾಲಿನ ಹೆಬ್ಬೆರಳು ಗೆರೆಯಿಂದ ಕೂದಲೆಳೆಯಷ್ಟು ದೂರದಲ್ಲಿತ್ತು. ಒಮ್ಮೆ ಉಜ್ಜಿದರೆ ಸುಣ್ಣ ಹೋಗುತ್ತಿತ್ತು, ಅವನು ಮಲಗಿಕೊಂಡೇ ಹೋಗಬಹುದಿತ್ತು. ಆದರೆ ಉಜ್ಜಿದರೆ ಅವನು ನೆಂದ ಮಳೆಯೆಲ್ಲ ಲೆಕ್ಕಕ್ಕಿಲ್ಲದಂತೆ ಆಗುತ್ತಿತ್ತು. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಬಹಳ ಕಾಲ, ಬೇರೆಲ್ಲ ಮರೆತರೂ ಅದೊಂದನ್ನು ಅವಳು ಮರೆಯಲಿಲ್ಲ.

ಮಗು ಬೆಳೆಯಿತು. ಅಂಬೆಗಾಲಿಡುವಾಗ ಗೆರೆ ದಾಟಲು ಹೋದರೆ ತಾಯಿ ಕಾಲು ಹಿಡಿದು ಎಳೆದುಕೊಳ್ಳುತ್ತಿದ್ದಳು. ನಡೆಯಲು ಕಲಿತಾಗ ಗೆರೆಯ ಮೇಲೆ ಅಂಗೈ ಎತ್ತಿ, ಗೋಡೆ, ಗೋಡೆ ಎಂದು ಹೇಳಿಕೊಟ್ಟಳು. ಮಗು ಗೋಡೆ ಹಿಡಿದುಕೊಂಡೇ ನಡೆಯಲು ಕಲಿಯಿತು. ಅಂಗೈಯನ್ನು ಗಾಳಿಗೆ ಆನಿಸಿ ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಮೂಲೆಗೆ ಬಂದರೆ ತಾನಾಗಿ ತಿರುಗುತ್ತಿತ್ತು. ದಣಿದರೆ ಬೆನ್ನು ಕೊಟ್ಟು ಕೂರುತ್ತಿತ್ತು, ಬೀಳುತ್ತಿರಲಿಲ್ಲ. ಮಳೆ ಬಂದರೆ ತಲೆ ಎತ್ತಿ ನೋಡುತ್ತಲೂ ಇರಲಿಲ್ಲ. ಕೂದಲಿಂದ ನೀರು ಸುರಿಯುತ್ತಿದ್ದರೂ ತನ್ನ ಪಾಡಿಗೆ ತಾನು ಚಿಂದಿಯ ಗೊಂಬೆಯನ್ನು ಮಲಗಿಸುತ್ತಿತ್ತು. ದಾರಿಹೋಕರು ಕರೆದರೆ ಕಿಟಕಿಯ ಹತ್ತಿರ ಹೋಗಿ ಅಲ್ಲಿಂದ ಮಾತಾಡುತ್ತಿತ್ತು. ತಾಯಿಗೆ ಮೊದಮೊದಲು ಹೆಮ್ಮೆಯಾಯಿತು. ಆಮೇಲೆ ಒಂದು ದಿನ ಮಗು ಆಡುತ್ತ ಓಡಿಬಂದು, ಗೆರೆಯ ಹತ್ತಿರ ಯಾವುದಕ್ಕೋ ಢಿಕ್ಕಿ ಹೊಡೆದ ಹಾಗೆ ಹಿಂದಕ್ಕೆ ಬಿದ್ದು ಹಣೆ ಹಿಡಿದುಕೊಂಡು ಅತ್ತಿತು. ಕೈ ಸರಿಸಿ ನೋಡಿದರೆ ಹಣೆಯ ಮೇಲೆ ಬುಗುಟು ಎದ್ದಿತ್ತು. ಅವಳು ಆ ಬುಗುಟನ್ನು ಸೆರಗಿನಿಂದ ಒತ್ತಿ ಕಾವು ಕೊಡುತ್ತ ಕೂತಳು.

ಸುದ್ದಿ ಪಂಚರಿಗೆ ಹೋಯಿತು. ಅವರು ಊರವರನ್ನೆಲ್ಲ ಕರೆದುಕೊಂಡು ಬಂದರು. ಮಗು ಪಡಸಾಲೆಯಲ್ಲಿ ಕೂತಿತ್ತು. ಹಿರಿಯ ಮನೆಯ ಹಿಂಬದಿಗೆ ಹೋಗಿ, ಗೆರೆಯ ಆಚೆ ಮಗುವಿನ ಕೈಗೆಟುಕುವಷ್ಟು ಹತ್ತಿರ ಕೂತು, ಅಂಗೈಯಲ್ಲಿ ಬೆಲ್ಲದ ಚೂರಿಟ್ಟುಕೊಂಡು ಬಾ ಎಂದು ಕರೆದ. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಕೌದಿಯವಳಿಗೆ, ದಾಟಲಿ ಎಂದು ಅನ್ನಿಸಿತೋ ದಾಟದಿರಲಿ ಎಂದು ಅನ್ನಿಸಿತೋ ತಿಳಿಯಲಿಲ್ಲ. ಮಗು ಎದ್ದಿತು. ಬೆಲ್ಲಕ್ಕೆ ಬೆನ್ನು ಮಾಡಿ, ಪಡಸಾಲೆ ದಾಟಿ, ಕಿರಿದಾದ ಬಾಗಿಲಲ್ಲಿ ಮೈ ಓರೆ ಮಾಡಿ ಹೊರಗೆ ಬಂತು. ಗೋಡೆಯ ಉದ್ದಕ್ಕೂ ಬೆರಳು ಎಳೆಯುತ್ತ ಮನೆಯನ್ನು ಸುತ್ತಿಕೊಂಡು ಹಿರಿಯನ ಹತ್ತಿರ ಹೋಗಿ ಬೆಲ್ಲ ತೆಗೆದುಕೊಂಡಿತು.

ಊರು ಉಸಿರು ಬಿಟ್ಟಿತು. ಹಿರಿಯ ಮಗುವನ್ನು ಎತ್ತಿ ಮುದ್ದಿಸಿ, ಎಲ್ಲರ ಮುಂದೆ ತೀರ್ಪು ಹೇಳಿದ. ಇಲ್ಲಿ ಮನೆ ಇದೆ, ಎಳೆಯ ಮಗುವಿನ ಕಣ್ಣಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಎಂದ. ಕೌದಿಯವಳು ಅವನ ಕಾಲಿಗೆ ಬಿದ್ದಳು. ಎದ್ದು, ಹಾಗಾದರೆ ನಾಳೆಯೇ ಕಲ್ಲು ಹೊರಿಸಲೇ, ಮಣ್ಣು ಕಲಸಲೇ ಎಂದು ಕೇಳಿದಳು. ಹಿರಿಯನಿಗೆ ಅವಳ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಮನಿ ಐತಲ್ಲವಾ ತಂಗಿ," ಎಂದ. "ಇದ್ದ ಮನಿಗೆ ಕಟ್ಟಾಕ ಅಪ್ಪಣಿ ಕೊಡೂದು ಹ್ಯಾಂಗ? ಮನಿ ಇಲ್ಲದವರಿಗೆ ಕೊಡೂದದು."

ಅವಳು ಮಾತಾಡಲು ಬಾಯಿ ತೆರೆದಾಗ ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಳಗೆ ಬರುತ್ತಿದ್ದರು. ಗೃಹಪ್ರವೇಶ ಆಗಬೇಕಲ್ಲ. ಒಬ್ಬೊಬ್ಬರಾಗಿ ಬಾಗಿಲಲ್ಲಿ ತಲೆ ತಗ್ಗಿಸಿ ಬಂದರು. ಒಲೆಯ ಮೇಲೆ ಹಾಲಿಟ್ಟು ಉಕ್ಕಿಸಿದರು. ಯಾರೋ ಮಾವಿನೆಲೆಯ ತೋರಣ ತಂದು, ಕಟ್ಟಲು ಜಾಗ ಹುಡುಕಿ, ಆಮೇಲೆ ಬಾಗಿಲಿದ್ದ ಕಡೆ ನೆಲದ ಮೇಲೆ ಇಟ್ಟರು. ಸುಣ್ಣದವನು ಕಾಯಿ ಒಡೆದ. ಮನೆ ತಂಪಾಗಿದೆ ಎಂದರು, ಗಾಳಿ ಬೆಳಕು ಚೆನ್ನಾಗಿದೆ ಎಂದರು. ಪಕ್ಕದ ಮನೆಯವನು ಇನ್ನು ನಾವು ಅಣ್ಣತಂಗಿಯರಂತೆ ಇರೋಣ ಎಂದ. ಅಷ್ಟರಲ್ಲಿ ನಾಲ್ಕು ಹನಿ ಬಿತ್ತು. ಹನಿ ದಪ್ಪವಾಯಿತು. ಎಲ್ಲರೂ ತಲೆಯ ಮೇಲೆ ಸೆರಗು, ಹೆಗಲ ವಲ್ಲಿ, ತಟ್ಟೆ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಮಳೆ ಬಂತು ಮಳೆ ಬಂತು ಎನ್ನುತ್ತ ತಮ್ಮ ತಮ್ಮ ಮನೆಗೆ ಓಡಿದರು. ಓಡುವಾಗಲೂ ಬಾಗಿಲಿನಿಂದಲೇ ಹೋದರು.

ಮಳೆ ನಿಂತ ಮೇಲೆ ಕೌದಿಯವಳು ಬಾವಿಯ ಕಲ್ಲಿನ ಗುಡ್ಡೆಗೆ ಹೋದಳು. ಒಂದು ಕಲ್ಲನ್ನು ಎದೆಗಾನಿಸಿ ಹೊತ್ತು ತಂದು ಹಿಂದಿನ ಗೆರೆಯ ಮೇಲೆ ಇಟ್ಟಳು. ಇನ್ನೊಂದು ತಂದಳು. ಅಪ್ಪಣೆಯಿಲ್ಲದೆ ಇಟ್ಟ ಕಲ್ಲನ್ನು ಊರು ಕಿತ್ತುಹಾಕುತ್ತದೆಂದು ಅವಳಿಗೆ ಗೊತ್ತಿತ್ತು. ಕೀಳಲಿ, ಅಲ್ಲಿಯವರೆಗಾದರೂ ಇರುತ್ತದೆ ಎಂದುಕೊಂಡಳು. ಯಾರೂ ಬರಲಿಲ್ಲ. ಸುಣ್ಣದವನು ದೂರದಿಂದ ನೋಡಿ ಹಾಗೇ ಹೋದ. ಬಂದದ್ದು ಮಗು. ಅದು ಕಲ್ಲುಗಳ ಮುಂದೆ ನಿಂತು, ತುಟಿ ನಡುಗಿಸುತ್ತ ಕೇಳಿತು:

"ಯವ್ವಾ, ಗ್ವಾಡಿ ಯಾಕ ಕೆಡವಾಕತ್ತಿ?"

ಇಲ್ಲಿ ಗೋಡೆಯಿಲ್ಲ, ಕಟ್ಟುತ್ತಿದ್ದೇನೆ ಎಂದು ಅವಳು ಹೇಳಿದಳು. ಮಗುವಿಗೆ ತಿಳಿಯಲಿಲ್ಲ. ಅವಳು ಅದರ ಕೈ ಹಿಡಿದು, ನೋಡು, ಏನೂ ಇಲ್ಲ, ಬಾ ಎಂದು ಗೆರೆ ದಾಟಿಸಲು ಎಳೆದಳು. ಮಗು ಹಿಮ್ಮಡಿಯೂರಿ ಕಿರುಚಿತು. ಅವಳು ಎತ್ತಿಕೊಂಡು ದಾಟಿಸಿದಳು. ಮಗು ಮುಖ ಮುಚ್ಚಿಕೊಂಡು, ಕಲ್ಲಿನೊಳಗಿಂದ ಎಳೆದು ತಂದ ಹಾಗೆ ಮೈಯೆಲ್ಲ ಬಿಗಿ ಮಾಡಿತು, ಅದರ ಉಸಿರೇ ನಿಂತಂತೆ ಆಯಿತು. ಅವಳು ಹೆದರಿ, ಓಡಿ ಸುತ್ತಿ ಬಂದು ಬಾಗಿಲಿನಿಂದ ಒಳಗೆ ತಂದು ಮಲಗಿಸಿದಳು. ಆಗಷ್ಟೇ ಅದು ಉಸಿರಾಡಿತು. ಇಟ್ಟ ಎರಡು ಕಲ್ಲುಗಳನ್ನು ಅವಳೇ ಎತ್ತಿ ಗುಡ್ಡೆಗೆ ಹಾಕಿ ಬಂದಳು.

ಸೂಲಗಿತ್ತಿ ಅವಳನ್ನು ಬಾವಿಯ ಹತ್ತಿರ ಕಂಡು, ಇನ್ನು ಇಲ್ಲಿರಬೇಡ ಎಂದಳು. ಹಳ್ಳದಾಚೆಯ ಹಟ್ಟಿಯಲ್ಲಿ ತನ್ನ ತಂಗಿ ತೀರಿಕೊಂಡು ಮನೆ ಖಾಲಿ ಬಿದ್ದಿದೆ, ಕಲ್ಲಿನ ಗೋಡೆಯಿದೆ, ಹಂಚಿನ ಸೂರಿದೆ, ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಹೋಗಿ ಇರು ಎಂದಳು. ಕೌದಿಯವಳು ಅಪ್ಪಣೆ ಯಾರನ್ನು ಕೇಳಬೇಕೆಂದಳು. ಮುದುಕಿ ಅವಳ ತಲೆ ಸವರಿದಳು.

ಅವಳು ಕೌದಿಗಳನ್ನು ಗಂಟು ಕಟ್ಟಿ ತಲೆಗೇರಿಸಿದಳು, ಮಗುವಿನ ಕೈ ಹಿಡಿದಳು. ಊರವರು ಹೊಲಕ್ಕೆ ಹೋಗುವ ಹೊತ್ತು. ನಿನ್ನೆ ಮೊನ್ನೆ ಗೃಹಪ್ರವೇಶ ಮಾಡಿದವಳು ಎಲ್ಲಿಗೆ ಹೊರಟಳೆಂದು ಕೇಳಿದವರಿಗೆ ನೆಂಟರ ಮನೆಗೆ ಎಂದಳು. ಮನೆಯನ್ನು ನಾವು ನೋಡಿಕೊಳ್ಳುತ್ತೇವೆ, ನಿಶ್ಚಿಂತೆಯಿಂದ ಹೋಗಿ ಬಾ ಎಂದು ಹಿರಿಯ ಹರಸಿ ಕಳಿಸಿದ.

ಹಳ್ಳ ದಾಟಿ ಹಟ್ಟಿ ಮುಟ್ಟುವಾಗ ಮೋಡ ಕವಿದಿತ್ತು. ಮನೆ ಮುದುಕಿ ಹೇಳಿದಂತೆಯೇ ಇತ್ತು. ಅವಳು ಅಗುಳಿ ತೆಗೆದು ಒಳಗೆ ಹೋದಳು. ಕತ್ತಲು ಕತ್ತಲಾಗಿ, ಹಳೆಯ ಹೊಗೆಯ ವಾಸನೆಯಿತ್ತು. ಕೈ ಚಾಚಿದಳು; ಕೈಗೆ ಕಲ್ಲು ತಾಗಿತು. ತಣ್ಣಗಿತ್ತು. ಇನ್ನೊಂದು ಕಡೆ ಚಾಚಿದಳು, ಅಲ್ಲಿಯೂ ತಾಗಿತು. ಅವಳು ಗಂಟನ್ನು ಇಳಿಸಿ ನೆಲದ ಮೇಲೆ ಕುಸಿದು ಕೂತಳು. ಹೊರಗೆ ಮಳೆ ಸುರುವಾಯಿತು, ಹಂಚಿನ ಮೇಲೆ ಸದ್ದು ಕೇಳಿಸಿತು. ಅವಳ ತಲೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಇಷ್ಟು ವರ್ಷ ಅವಳು ಅತ್ತಿರಲಿಲ್ಲ; ಅಳುವುದಕ್ಕೂ ಒಂದು ಮರೆ ಬೇಕಿತ್ತೇನೋ. ಈಗ ಗಂಡನ ಹೆಸರು ಹಿಡಿದು ಅತ್ತಳು.

ಆಮೇಲೆ ನೋಡಿದರೆ ಮಗು ಒಳಗೆ ಬಂದಿರಲಿಲ್ಲ.

ಹೊಸ್ತಿಲವರೆಗೆ ಬಂದು, ಒಳಗಿನ ಕತ್ತಲನ್ನು ನೋಡಿ, ಹಿಂದಕ್ಕೆ ಹೋಗಿತ್ತು. ಅಂಗಳದ ನಡುವೆ, ಕಾಲು ಮಡಚಿಕೊಂಡು, ಗೊಂಬೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿತ್ತು. ಮಳೆ ಅದರ ಮೇಲೆ ಸುರಿಯುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ಕರೆದಳು. ರಮಿಸಿ ಕರೆದಳು, ಗದರಿಸಿ ಕರೆದಳು, ಬೆಂಕಿ ಹಚ್ಚುತ್ತೇನೆ ಬಾ ಎಂದಳು, ರೊಟ್ಟಿ ಕೊಡುತ್ತೇನೆ ಬಾ ಎಂದಳು. ಮಗು ತಲೆ ಎತ್ತಿ ಅವಳನ್ನು ನೋಡಿತು. ಅದರ ಮುಖದಲ್ಲಿ ಹಟವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ತಾಯಿಯ ಬಗ್ಗೆ ಕನಿಕರವಿತ್ತು.

"ಯವ್ವಾ," ಎಂದಿತು, "ಅಷ್ಟೊತ್ತಿಂದ ಹೊರಗ ಯಾಕ ನಿಂತಿ? ಒಳಗ ಬಾ."

ಅವಳು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಮರ ಗಟ್ಟಿಯಾಗಿತ್ತು. ಮಗು ಪಕ್ಕಕ್ಕೆ ಸರಿದು ಅವಳಿಗೆ ಕೂರಲು ಜಾಗ ಮಾಡಿತು. ಅವಳು ಕೈ ಬಿಟ್ಟು, ಹೊಸ್ತಿಲು ದಾಟಿ, ಮಳೆಯಲ್ಲಿ ನಡೆದು ಹೋಗಿ ಮಗುವಿನ ಪಕ್ಕದಲ್ಲಿ ಕೂತಳು.